ಐನೂರು ಕೋಟಿ ಟಿಕೆಟ್ ಎಣಿಸಿದ ಮೇಲೂ ಉಳಿಯೋ ಪ್ರಶ್ನೆ

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಎಂಬಿಎ ಪ್ರಾಜೆಕ್ಟಿನ ಕರಡು ಹಿಡ್ಕೊಂಡು ಮನೆಗೆ ಬಂದಳು. ಓದೋದು ಮೈಸೂರಿನದ್ದೇ ಒಂದು ಕಾಲೇಜಿನಲ್ಲಿ. ವಿಷಯ ಚೆನ್ನಾಗಿತ್ತು: ಶಕ್ತಿ ಯೋಜನೆ ಬಂದ ಮೇಲೆ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ದುಡಿಯೋ ಹೆಣ್ಣುಮಕ್ಕಳು ಹೆಚ್ಚು ಕಾಲ ಒಂದೇ ಕಡೆ ಕೆಲಸದಲ್ಲಿ ಉಳೀತಿದ್ದಾರಾ? ನಂಜನಗೂಡು, ತಿ. ನರಸೀಪುರ, ಶ್ರೀರಂಗಪಟ್ಟಣದ ಕಡೆಯಿಂದ ದಿನಾ ಬಸ್ಸಲ್ಲಿ ಬರುವವರಿಗೆ ಟಿಕೆಟ್ ದುಡ್ಡು ಉಳಿದರೆ, ಅದರಿಂದ ಅಂಗಡಿ ಮಾಲೀಕರಿಗೂ ಲಾಭ ಇದೆಯಾ?

'ಸಂಶೋಧನಾ ವಿಧಾನ' ಅನ್ನೋ ಪುಟದಲ್ಲಿ ದಪ್ಪಕ್ಷರದಲ್ಲಿ 'ಮಿಶ್ರ ವಿಧಾನ' ಅಂತ ಬರೆದಿದ್ದಳು. ಅದರ ಕೆಳಗೆ: ಗೂಗಲ್ ಫಾರ್ಮ್, 120 ಜನ. ಸಂದರ್ಶನ, 5 ಜನ.

"ಈ ಐದು ಜನ ಫಾರ್ಮ್ ಹೇಳಿದ್ದಕ್ಕೆ ಉಲ್ಟಾ ಹೇಳಿದ್ರೆ ಏನ್ಮಾಡ್ತೀಯ?" ಅಂತ ಕೇಳಿದೆ.

"ಅಯ್ಯೋ, ಹಾಕಲ್ಲ ಅಷ್ಟೇ. ಜನರ ಮಾತು ಡೇಟಾನ ಸಪೋರ್ಟ್ ಮಾಡ್ಬೇಕಲ್ವಾ?" ಅಂದಳು.

ಅವಳನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ. ಸರ್ಕಾರದ ಮೌಲ್ಯಮಾಪನ ವರದಿ, ಕಂಪನಿಗಳ ಉದ್ಯೋಗಿ ಸಮೀಕ್ಷೆ, ಚುನಾವಣಾ ತಂತ್ರಜ್ಞರ ಪಿಪಿಟಿ, ಎಲ್ಲದರಲ್ಲೂ ನಡೆಯೋದು ಇದೇ. ಮೊದಲು ಅಂಕಿ. ಆಮೇಲೆ ಅಂಕಿಗೆ ಹೊಂದೋ ಎರಡು ಮಾತು, ಒಂದು ನಗುಮುಖದ ಫೋಟೋ. ಊಟ ಮುಗಿದ ಮೇಲೆ ಕೊಡೋ ಬಾಳೆಹಣ್ಣಿನ ಹಾಗೆ. ಇದನ್ನ ಮಿಶ್ರ ವಿಧಾನ ಅಂತ ಕರೆಯೋಕಾಗಲ್ಲ. ಯಾಕೆ ಆಗಲ್ಲ ಅನ್ನೋದನ್ನ ಬಿಡಿಸಿ ಹೇಳೋ ಪ್ರಯತ್ನ ಈ ಬರಹ.

ನಾನೂ ಅದೇ ಕೆಲಸ ಮಾಡಿದ್ದೆ

ಎಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬರೋ ಮುಂಚೆ ಮೂರು ವರ್ಷ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಅಲ್ಲಿ ನನ್ನ ಪಾಲಿಗೆ ಬಂದಿದ್ದ ಕೆಲಸಗಳಲ್ಲಿ ಒಂದು, ಎಚ್‌ಆರ್ ವಿಭಾಗಕ್ಕೆ ಡ್ಯಾಶ್‌ಬೋರ್ಡ್ ಕಟ್ಟಿಕೊಡೋದು. ಯಾರು ಕೆಲಸ ಬಿಟ್ಟರು, ಯಾವ ಟೀಮಿನವರು, ಎಷ್ಟು ತಿಂಗಳಿಗೆ ಬಿಟ್ಟರು, ಕಾರಣ ಏನು. ಕಾರಣದ ಕಾಲಂನಲ್ಲಿ ಆರು ಆಯ್ಕೆ ಇದ್ದವು. ಹೆಚ್ಚಿನವರ ಹೆಸರಿನ ಮುಂದೆ 'ಉತ್ತಮ ಅವಕಾಶ' ಅಂತಲೇ ಬರ್ತಿತ್ತು. ನಾನು ಅದಕ್ಕೆ ಹಸಿರು ಬಣ್ಣದ ಚೆಂದದ ಪೈ ಚಾರ್ಟ್ ಮಾಡಿದ್ದೆ.

ಆ ಪೈ ಚಾರ್ಟಿನ ಹಸಿರು ಭಾಗದಲ್ಲಿ ನನ್ನ ಪಕ್ಕದ ಸೀಟಿನ ಹುಡುಗಿಯೂ ಇದ್ದಳು. ಅವಳಿಗೆ ಯಾವ ಉತ್ತಮ ಅವಕಾಶವೂ ಸಿಕ್ಕಿರಲಿಲ್ಲ. ಸಂಜೆ ಎಂಟರ ಮೇಲಿನ ಮೀಟಿಂಗ್ ಮುಗಿಸಿ ಮನೆ ಮುಟ್ಟೋದು ಹತ್ತೂವರೆ ಆಗ್ತಿತ್ತು, ಮನೆಯಲ್ಲಿ ಜಗಳ ಆಗ್ತಿತ್ತು, ಬಿಟ್ಟಳು. "ಫಾರ್ಮಲ್ಲಿ ಯಾಕೆ ಬರೀಲಿಲ್ಲ?" ಅಂತ ಕೇಳಿದ್ದಕ್ಕೆ, "ನಾಳೆ ಇನ್ನೊಂದು ಕಂಪನಿಯೋರು ಇವರಿಗೇ ಫೋನ್ ಮಾಡ್ತಾರೆ, ಯಾಕಪ್ಪಾ ಬೇಕು" ಅಂದಳು.

ಅಂಕಿ ಸುಳ್ಳಾಗಿರಲಿಲ್ಲ. ಅಷ್ಟು ಜನ ಆ ಬಟನ್ ಒತ್ತಿದ್ದು ನಿಜ. ಆದರೆ ಅದು ಅಳೆದಿದ್ದು ಜನ ಕೆಲಸ ಬಿಡೋಕೆ ಇದ್ದ ಕಾರಣವನ್ನಲ್ಲ, ಬಿಡುವಾಗ ಹೇಳಿಕೊಳ್ಳೋಕೆ ಯಾವ ಕಾರಣ ಸುರಕ್ಷಿತ ಅನ್ನೋದನ್ನ. ಈ ವ್ಯತ್ಯಾಸ ಎಕ್ಸೆಲ್ ಶೀಟಿನ ಒಳಗೆ ಕೂತು ಎಷ್ಟು ಹುಡುಕಿದರೂ ಸಿಗಲ್ಲ.

ಎಷ್ಟು, ಯಾಕೆ, ಹೇಗೆ

ಪರಿಮಾಣಾತ್ಮಕ ವಿಧಾನ ಅಂದರೆ ಎಣಿಸೋದು, ಅಳೆಯೋದು, ಹೋಲಿಸೋದು. ಎಷ್ಟು ಜನ, ಎಷ್ಟು ಹೆಚ್ಚಾಯ್ತು, ಇದಕ್ಕೂ ಅದಕ್ಕೂ ಸಂಬಂಧ ಇದೆಯಾ. ಗುಣಾತ್ಮಕ ವಿಧಾನ ಅಂದರೆ ಕೂತು ಮಾತಾಡೋದು, ಜೊತೆಗಿದ್ದು ನೋಡೋದು, ಕಡತ ಓದೋದು. ಜನ ತಮ್ಮ ಸ್ಥಿತಿಯನ್ನ ಹೇಗೆ ಅರ್ಥ ಮಾಡ್ಕೊಂಡಿದ್ದಾರೆ, ಒಂದು ನಿರ್ಧಾರ ಹೇಗೆ ಆಯ್ತು.

ನಮ್ಮಂಥ ಎಂಜಿನಿಯರಿಂಗ್ ಬ್ಯಾಚಿನವರಿಗೆ ಎರಡನೆಯದು ಅಂದರೆ 'ಹರಟೆ' ಅನ್ನೋ ಭಾವನೆ. ಅದರಲ್ಲೂ ಶಿಸ್ತಿದೆ. ಯಾರ ಜೊತೆ ಮಾತಾಡಬೇಕು ಅಂತ ಯೋಚಿಸಿ ಆರಿಸಬೇಕು. ಟಿಪ್ಪಣಿಯನ್ನ ಸಾಲು ಸಾಲಾಗಿ ಓದಿ, ಒಂದೇ ಬಗೆಯ ಮಾತುಗಳನ್ನ ಒಂದೊಂದು ಗುಂಪಿಗೆ ಸೇರಿಸಬೇಕು. ಹೊಸಬರನ್ನ ಮಾತಾಡಿಸಿದರೂ ಹೊಸ ಸಂಗತಿ ಬರೋದು ನಿಂತಾಗ ಮಾತ್ರ ನಿಲ್ಲಿಸಬೇಕು. ನಿಮ್ಮ ಊಹೆಗೆ ವಿರುದ್ಧ ಹೇಳೋರನ್ನ ಹುಡುಕಿಕೊಂಡು ಹೋಗಬೇಕು.

ಎರಡನ್ನೂ ಕೂಡಿಸೋಕೆ ಮುಖ್ಯವಾಗಿ ಮೂರು ದಾರಿ. ಒಂದು, ಎರಡನ್ನೂ ಒಟ್ಟೊಟ್ಟಿಗೆ ನಡೆಸಿ ಕೊನೆಯಲ್ಲಿ ಎದುರುಬದುರು ಇಟ್ಟು ನೋಡೋದು. ಎರಡು, ಮೊದಲು ಎಣಿಸಿ, ಅದರಲ್ಲಿ ಅರ್ಥವಾಗದ್ದನ್ನ ಹಿಡ್ಕೊಂಡು ಜನರ ಹತ್ತಿರ ಹೋಗೋದು. ಮೂರು, ಮೊದಲು ಜನರ ಜೊತೆ ಮಾತಾಡಿ, ಅಲ್ಲಿ ಸಿಕ್ಕಿದ್ದು ಎಷ್ಟು ಜನರಿಗೆ ನಿಜ ಅನ್ನೋದನ್ನ ಎಣಿಸೋದು.

ಮ್ಯಾನೇಜ್‌ಮೆಂಟ್ ಪಠ್ಯಗಳಲ್ಲಿ ಎಲ್ಲರೂ ಓದೋ ಹಾಥಾರ್ನ್ ಅಧ್ಯಯನ ಎರಡನೇ ದಾರಿಯದ್ದು. 1924ರಲ್ಲಿ ಶಿಕಾಗೋ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ, ದೀಪದ ಬೆಳಕು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುತ್ತಾ ಅಂತ ಅಳೆಯೋಕೆ ಶುರು ಮಾಡಿದರು. ಬಂದ ಅಂಕಿಗೂ ಬೆಳಕಿಗೂ ತಾಳೆಯೇ ಆಗಲಿಲ್ಲ. ಕೊನೆಗೆ ಕಾರ್ಮಿಕರ ಜೊತೆ ಮಾತಿಗೆ ಕೂತರು, 20 ಸಾವಿರಕ್ಕೂ ಹೆಚ್ಚು ಸಂದರ್ಶನ. ಆರಂಭದಲ್ಲಿ ಮೊದಲೇ ಬರೆದಿಟ್ಟ ಪ್ರಶ್ನೆಗಳನ್ನ ಕೇಳ್ತಿದ್ದರು. ಕಾರ್ಮಿಕರು ಪ್ರಶ್ನೆ ಬಿಟ್ಟು ತಮಗೆ ಮುಖ್ಯ ಅನ್ನಿಸಿದ್ದನ್ನೇ ಮಾತಾಡ್ತಿದ್ದಾರೆ ಅಂತ ಗೊತ್ತಾದ ಮೇಲೆ, ಪಟ್ಟಿ ಪಕ್ಕಕ್ಕಿಟ್ಟು ಕೇಳಿಸಿಕೊಳ್ಳೋಕೆ ಶುರು ಮಾಡಿದರು.

1931-32ರಲ್ಲಿ ಅದೇ ಕಾರ್ಖಾನೆಯ ಒಂದು ಕೋಣೆಯಲ್ಲಿ 14 ಜನ ಕಾರ್ಮಿಕರ ಕೆಲಸವನ್ನ ದಿನವಿಡೀ ಗಮನಿಸಿದರು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಅನ್ನೋ ವ್ಯವಸ್ಥೆ ಇದ್ದರೂ ಅವರು ಹೆಚ್ಚು ಮಾಡ್ತಿರಲಿಲ್ಲ. ದಿನಕ್ಕೆ ಎಷ್ಟು ಮಾಡಿದರೆ ನ್ಯಾಯ ಅನ್ನೋದನ್ನ ಗುಂಪು ತನ್ನಲ್ಲೇ ತೀರ್ಮಾನಿಸಿಕೊಂಡಿತ್ತು. ಮೀರಿದವನಿಗೆ ಗೇಲಿ, ತೋಳಿಗೊಂದು ಗುದ್ದು. ಉತ್ಪಾದನೆಯ ಗ್ರಾಫ್ ನೋಡಿದವರಿಗೆ ಅದು ಸೋಮಾರಿತನ. ಕೋಣೆಯೊಳಗೆ ಕೂತವರಿಗೆ ಅದು ರೇಟ್ ಕಡಿಮೆ ಮಾಡಿಬಿಡ್ತಾರೆ, ಕೆಲಸ ಹೋಗುತ್ತೆ ಅನ್ನೋ ಭಯದ ಎದುರು ಕಟ್ಟಿಕೊಂಡ ಒಗ್ಗಟ್ಟು.

ಮಂಡ್ಯದ ಎರಡು ಹಳ್ಳಿ

ಇದಕ್ಕೆ ಶಿಕಾಗೋವರೆಗೆ ಹೋಗಲೇಬೇಕು ಅಂತೇನಿಲ್ಲ. ಮೈಸೂರಿನಿಂದ ಒಂದು ಗಂಟೆ ದಾರಿಯ ಮಂಡ್ಯದಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಇದೆ.

ವಿಯೆನ್ನಾದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಲ್ಲಿ ಮಂಡ್ಯಕ್ಕೆ ಬಂದರು. 1956ರವರೆಗೆ ಎರಡು ಹಳ್ಳಿಗಳನ್ನ ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅವುಗಳ ಹೆಸರು ವಾಂಗಲ ಮತ್ತು ದಲೇನ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ವಾಂಗಲಕ್ಕೆ ಬಂತು. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಅಕ್ಕಪಕ್ಕದ ಹಳ್ಳಿಗಳು, ಒಂದು ನೀರಾವರಿ, ಒಂದು ಖುಷ್ಕಿ.

ಎಪ್‌ಸ್ಟೈನ್ ಅರ್ಥಶಾಸ್ತ್ರ ಓದಿ ಮಾನವಶಾಸ್ತ್ರಕ್ಕೆ ಬಂದವರು. ಮನೆಗಳ ಆದಾಯ, ಖರ್ಚು, ಜಮೀನು, ಬೆಳೆಗೆ ಹಾಕಿದ್ದೆಷ್ಟು, ಬಂದಿದ್ದೆಷ್ಟು ಅಂತ ಲೆಕ್ಕ ತೆಗೆದರು. ಜೊತೆಗೆ ಹಳ್ಳಿಯಲ್ಲಿದ್ದು ಹಬ್ಬ, ಜಗಳ, ಪಂಚಾಯ್ತಿ, ಸುಗ್ಗಿ ನೋಡಿದರು.

ಲೆಕ್ಕ ಹೇಳಿದ್ದು ಎಲ್ಲರೂ ಊಹಿಸಬಹುದಾದ ಕಥೆ. ವಾಂಗಲಕ್ಕೆ ಭತ್ತ, ಕಬ್ಬು ಬಂತು. ಮಂಡ್ಯದ ಸಕ್ಕರೆ ಕಾರ್ಖಾನೆ ಕಬ್ಬು ಕೊಳ್ತಿತ್ತು. ದುಡ್ಡು ಓಡಾಡಿತು. ಹಾಗಾದರೆ ಹಳೇ ಸಂಬಂಧಗಳು ಮುರಿದು ಹೊಸ ಸಮಾಜ ಬರಬೇಕಿದ್ದದ್ದು ವಾಂಗಲದಲ್ಲಿ ತಾನೆ?

ಆಗಿದ್ದು ತಿರುವುಮುರುವು. ವಾಂಗಲದಲ್ಲಿ ಬೇಸಾಯವೇ ಬದುಕಾಗಿ ಉಳಿದಿದ್ದರಿಂದ ಒಡೆಯ ಮತ್ತು ಆಳಿನ ವಂಶಪಾರಂಪರ್ಯ ನಂಟು, ಜಾತಿಯ ಮೇಲುಕೀಳು, ಆಚರಣೆಗಳು ಗಟ್ಟಿಯಾಗೇ ಉಳಿದವು. ನೀರು ಸಿಗದ ದಲೇನದ ಜನ ಸುಮ್ಮನೆ ಕೂರೋ ಹಾಗಿರಲಿಲ್ಲ. ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕಿಳಿದರು, ಗಾಡಿ ಹೊಡೆದರು, ಪಕ್ಕದೂರಲ್ಲಿ ನೀರಾವರಿ ಜಮೀನು ಕೊಂಡರು. ಊರಾಚೆಯ ದುಡಿಮೆ ಊರೊಳಗಿನ ಹಳೇ ಕಟ್ಟುಗಳನ್ನ ಸಡಿಲ ಮಾಡಿತು. ಬರೀ ಆದಾಯದ ಕೋಷ್ಟಕ ನೋಡಿದ್ದರೆ 'ನೀರಾವರಿ ಬಂತು, ಅಭಿವೃದ್ಧಿ ಆಯ್ತು' ಅಂತ ವರದಿ ಮುಗೀತಿತ್ತು. ಬರೀ ಆಚರಣೆ ನೋಡಿದ್ದರೆ 'ವಾಂಗಲದೋರು ಸಂಪ್ರದಾಯಸ್ಥರು' ಅಂತ ಮುಗೀತಿತ್ತು. ಎರಡೂ ಪಕ್ಕಪಕ್ಕ ಇದ್ದಿದ್ದಕ್ಕೇ, ದುಡ್ಡು ಎಷ್ಟು ಬಂತು ಅನ್ನೋದಕ್ಕಿಂತ ಎಲ್ಲಿಂದ, ಯಾವ ಕೆಲಸದ ಮೂಲಕ ಬಂತು ಅನ್ನೋದು ಮುಖ್ಯ ಅಂತ ಕಂಡಿತು.

ಇನ್ನೊಂದು ಸಂಗತಿ ಮ್ಯಾನೇಜ್‌ಮೆಂಟ್ ಓದೋರು ಗಮನಿಸಬೇಕು. ಸುಗ್ಗಿಯಲ್ಲಿ ಆಳುಗಳಿಗೆ ಸಿಗ್ತಿದ್ದ ಪಾಲು ವರ್ಷ ವರ್ಷ ಒಂದೇ ಸಮ ಇರ್ತಿತ್ತು, ಬೆಳೆ ಹೆಚ್ಚಾದರೂ ಅಷ್ಟೇ, ಕಡಿಮೆಯಾದರೂ ಅಷ್ಟೇ. ಕೂಲಿಯನ್ನ ಉತ್ಪಾದನೆಗೆ ಜೋಡಿಸೋ ಅರ್ಥಶಾಸ್ತ್ರಕ್ಕೆ ಇದು ಮೂರ್ಖತನ. ಎಪ್‌ಸ್ಟೈನ್ ಇದರ ತರ್ಕ ಬಿಡಿಸಿದರು: ಬರಗಾಲದಲ್ಲಿ ಎಲ್ಲರಿಗೂ ಸರಿಸುಮಾರು ಸಮ ಪಾಲು ಸಿಕ್ಕಿ ಎಲ್ಲರೂ ಬದುಕ್ತಾರೆ, ಒಳ್ಳೇ ವರ್ಷದ ಹೆಚ್ಚುವರಿ ಒಡೆಯನಿಗೆ ಹೋಗುತ್ತೆ. ಆಳಿಗೆ ಅದೊಂದು ವಿಮೆ. ಆದರೆ ನಾಲೆ ನೀರಿನಿಂದ ವರ್ಷ ವರ್ಷವೂ ಒಳ್ಳೇ ವರ್ಷವಾದರೆ? ಹೆಚ್ಚಿದ್ದೆಲ್ಲ ಒಡೆಯನ ಮನೆಗೇ. ಒಂದೇ ಪದ್ಧತಿ, ಒಂದು ಕಾಲಕ್ಕೆ ರಕ್ಷಣೆ, ಇನ್ನೊಂದು ಕಾಲಕ್ಕೆ ಶೋಷಣೆ. ತರ್ಕ ಗೊತ್ತಾಗೋದು ಮಾತಿನಿಂದ, ಹೆಚ್ಚುವರಿ ಎಲ್ಲಿಗೆ ಹೋಯ್ತು ಅನ್ನೋದು ಗೊತ್ತಾಗೋದು ಲೆಕ್ಕದಿಂದ.

ಆ ಪುಸ್ತಕ 1962ರಲ್ಲಿ ಬಂತು. ಎಪ್‌ಸ್ಟೈನ್ ಅಲ್ಲಿಗೇ ಬಿಡಲಿಲ್ಲ. 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ ಬಂದು 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. 1998ರಲ್ಲಿ ಸೂರ್ಯನಾರಾಯಣ ಮತ್ತು ತಿಮ್ಮೇಗೌಡ ಅವರ ಜೊತೆ ಸೇರಿ 40 ವರ್ಷಗಳ ಬದಲಾವಣೆಯ ಪುಸ್ತಕ ತಂದರು. ಮಧ್ಯದಲ್ಲಿ, ಸ್ಥಳೀಯ ಸಂಸ್ಕೃತಿಗೆ ಹೊಂದೋ ಮಾರುಕಟ್ಟೆ ಸಂಶೋಧನೆ ಹೇಗೆ ಮಾಡಬೇಕು ಅನ್ನೋ ಕೈಪಿಡಿಯನ್ನೂ ಬರೆದರು. ಅಂದರೆ ಇವತ್ತು ಬಿಸಿನೆಸ್ ಸ್ಕೂಲುಗಳಲ್ಲಿ ಹೇಳಿಕೊಡೋ ಮಿಶ್ರ ವಿಧಾನದ ಒಂದು ಬೇರು ಮಂಡ್ಯದ ಕಬ್ಬಿನ ಗದ್ದೆಯಲ್ಲಿದೆ.

ಬರೀ ಮಾತೂ ಸಾಲದು

ಇಷ್ಟು ಓದಿ 'ಹಾಗಾದರೆ ಅಂಕಿ ಕೆಟ್ಟದ್ದು, ಕಥೆ ಒಳ್ಳೇದು' ಅನ್ನೋ ತೀರ್ಮಾನಕ್ಕೆ ಬರಬೇಡಿ. ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಅದನ್ನ 'ರಾಂಪುರ' ಅಂತ ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿ ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. 'ಪ್ರಬಲ ಜಾತಿ' ಅನ್ನೋ ಪರಿಕಲ್ಪನೆ ಕೊಟ್ಟವರು ಅವರೇ. ನಾವೆಲ್ಲ ದಿನಾ ಬಳಸೋ 'ವೋಟ್ ಬ್ಯಾಂಕ್' ಅನ್ನೋ ಪದವೂ ಅವರ 1955ರ ಪ್ರಬಂಧದಿಂದ ಬಂದಿದ್ದು ಅಂತಾರೆ. ಹಳ್ಳಿಯ ಜಗುಲಿಯಲ್ಲಿ ಕೂತು ನೋಡಿದವರಿಗೆ ಹೊಳೆದ ಪದ ಇವತ್ತು ಬೂತ್‌ವಾರು ಎಕ್ಸೆಲ್ ಶೀಟುಗಳ ತಲೆಬರಹವಾಗಿದೆ.

ಆದರೆ ಜಗುಲಿ ಯಾರದ್ದು ಅನ್ನೋದೇ ಪ್ರಶ್ನೆ. ಶ್ರೀನಿವಾಸ್ ಅವರ ನೋಟ ಊರಿನ ಮೇಲ್ಜಾತಿಗಳ, ಪ್ರಬಲರ ಕಡೆಯಿಂದ ಬಂದದ್ದು ಅನ್ನೋ ಟೀಕೆ ಇದೆ. ಈ ಮಿತಿಯನ್ನ ಅವರೂ ಒಪ್ಪಿಕೊಂಡವರೇ. ಆಳವಾಗಿ ಮಾತಾಡಿಸಿದೆವು ಅಂದಾಕ್ಷಣ ಎಲ್ಲರನ್ನೂ ಮಾತಾಡಿಸಿದ ಹಾಗಾಗಲ್ಲ. ಊರಲ್ಲಿ ಯಾರು ಎಷ್ಟು ಜನ ಇದ್ದಾರೆ, ನಾವು ಯಾರನ್ನ ಬಿಟ್ಟೆವು ಅನ್ನೋದನ್ನ ತೋರಿಸೋಕೆ ಎಣಿಕೆಯೇ ಬೇಕು.

ಅಭಿಪ್ರಾಯಕ್ಕೆ ಅಂಕ ಕೊಟ್ಟರೆ

ಇನ್ನೊಂದು ಗೊಂದಲ. 'ಜನರನ್ನ ಕೇಳಿದ್ದೀವಲ್ಲ' ಅಂದರೆ ಅದು ಗುಣಾತ್ಮಕ ಆಗುತ್ತಾ? ಮೈಸೂರಿಗರಿಗೆ ಹತ್ತಿರದ ಉದಾಹರಣೆ ತಗೊಳ್ಳಿ. 2015ರ ಸ್ವಚ್ಛತಾ ರ‍್ಯಾಂಕಿಂಗ್‌ನಲ್ಲಿ 476 ನಗರಗಳಲ್ಲಿ, 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳಲ್ಲಿ ಮೈಸೂರು ಮೊದಲು ಬಂತು. 2016ರಲ್ಲಿ ಒಟ್ಟು 2000 ಅಂಕ: ನಗರಪಾಲಿಕೆ ತಾನೇ ಕೊಟ್ಟ ಮಾಹಿತಿಗೆ 1000, ಸ್ಥಳ ಪರಿಶೀಲನೆಗೆ 500, ನಾಗರಿಕರ ಅಭಿಪ್ರಾಯಕ್ಕೆ 500.

ನೋಡೋಕೆ ದಾಖಲೆ, ಕಣ್ಣು, ಕಿವಿ ಮೂರೂ ಇರೋ ಮಿಶ್ರ ವಿಧಾನ. ಆದರೆ ಕೊನೆಗೆ ಮೂರನ್ನೂ ಕೂಡಿಸಿ ಒಂದೇ ಅಂಕಿ. ಪಾಲಿಕೆಯ ದಾಖಲೆ ಒಂದು ಹೇಳಿ ನಾಗರಿಕರು ಇನ್ನೊಂದು ಹೇಳಿದ್ದರೆ ಆ ಭಿನ್ನಮತ ಮೊತ್ತದಲ್ಲಿ ಕರಗಿಹೋಗುತ್ತೆ. ಬೆಳಗಿನ ಜಾವಕ್ಕೆ ಪೊರಕೆ ಹಿಡಿಯೋ ಪೌರಕಾರ್ಮಿಕರ ಬದುಕು ಆ ಮೊತ್ತ ನೋಡಿ ತಿಳಿಯಲ್ಲ. 2022ರ ಜುಲೈನಲ್ಲಿ ಅವರು ಕಾಯಮಾತಿಗಾಗಿ ರಾಜ್ಯಾದ್ಯಂತ ಮುಷ್ಕರಕ್ಕೆ ಕೂತಾಗ, 'ಸ್ವಚ್ಛ ನಗರ' ಯಾರ ಬೆನ್ನಿನ ಮೇಲೆ ನಿಂತಿದೆ ಅನ್ನೋದು ಬೀದಿಯಲ್ಲಿ ಕಂಡಿತು. ರ‍್ಯಾಂಕ್ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದು ಉತ್ತರಿಸೋ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಗೆ ನಾವು ಅದನ್ನ ಉತ್ತರ ಅಂದ್ಕೊಂಡೆವು.

ಮತ್ತೆ ಬಸ್ಸಿಗೆ

ಈಗ ತಂಗಿಯ ಪ್ರಾಜೆಕ್ಟ್. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. 2025ರ ಜುಲೈ ಹೊತ್ತಿಗೆ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು, ಸರ್ಕಾರ ಸಂಭ್ರಮಿಸಿತು. ಈ 500 ಕೋಟಿ ಅನ್ನೋದು ಟಿಕೆಟ್ಟಿನ ಎಣಿಕೆ, ಹೆಂಗಸರ ಎಣಿಕೆಯಲ್ಲ. ನಂಜನಗೂಡಿನಿಂದ ಅಂಗಡಿ ಕೆಲಸಕ್ಕೆ ಬಂದು ಹೋಗೋ ಒಬ್ಬಾಕೆ ದಿನಕ್ಕೆ ಕಡಿಮೆ ಅಂದರೂ ಎರಡು ಶೂನ್ಯ ಟಿಕೆಟ್. ಸಿಟಿ ಬಸ್ ಹತ್ತಿದರೆ ನಾಲ್ಕು.

ಅಂಕಿ ಒಂದೇ, ಕಥೆ ಎರಡು. ಒಬ್ಬರ ವಾಟ್ಸಾಪ್‌ನಲ್ಲಿ ಅದು 'ಬಿಟ್ಟಿ ತಿರುಗಾಟ, ನಿಗಮಗಳು ದಿವಾಳಿ'. ಇನ್ನೊಬ್ಬರ ಪೋಸ್ಟರ್‌ನಲ್ಲಿ 'ಮಹಿಳಾ ಸ್ವಾತಂತ್ರ್ಯ'. ಎರಡೂ ಕಡೆಯವರು 500 ಕೋಟಿಯನ್ನೇ ತೋರಿಸ್ತಾರೆ. ಕೆಲಸಕ್ಕೋ, ಆಸ್ಪತ್ರೆಗೋ, ತವರಿಗೋ, ಚಾಮುಂಡಿ ಬೆಟ್ಟಕ್ಕೋ, ಟಿಕೆಟ್ ಮೆಷಿನ್ನಿಗೆ ಗೊತ್ತಿಲ್ಲ. ಉಳಿದ ದುಡ್ಡು ಅವಳ ಕೈಲೇ ಇತ್ತಾ, ಗಂಡ ಮನೆಖರ್ಚಿಗೆ ಕೊಡೋದರಲ್ಲಿ ಅಷ್ಟನ್ನ ಮುರ್ಕೊಂಡನಾ, ಅದೂ ಗೊತ್ತಿಲ್ಲ. ಇನ್ನು, ಬಸ್ಸಲ್ಲಿ ಕಂಡ ನಾಲ್ಕು ಜನರ ಕಥೆ ಕೇಳಿ ರಾಜ್ಯದ ಬಗ್ಗೆ ತೀರ್ಪು ಕೊಡೋ ನನ್ನಂಥ ಅಂಕಣಕಾರನೂ ಅಷ್ಟೇ ಅಪಾಯಕಾರಿ.

ಹಾಗಾಗಿ ಇಬ್ಬರೂ ಕೂತು ಅವಳ ಯೋಜನೆಯನ್ನ ತಿರುಗಿಸಿ ಬರೆದೆವು.

ಮೊದಲು ಮಾತು. ಫಾರ್ಮ್ ಹಂಚೋ ಮುಂಚೆ, ಅಂಗಡಿ ಮುಚ್ಚಿದ ಮೇಲೆ ಬಸ್ ನಿಲ್ದಾಣದವರೆಗೆ ಹತ್ತು ಹನ್ನೆರಡು ಹೆಂಗಸರ ಜೊತೆ ನಡ್ಕೊಂಡು ಹೋಗೋದು. ಮಾಲೀಕರ ಎದುರು ಬೇಡ. 'ಶಕ್ತಿಯಿಂದ ಅನುಕೂಲ ಆಯ್ತಾ' ಅಂತಲೂ ಕೇಳಬಾರದು, 'ಆಯ್ತು' ಅನ್ನೋದು ಬಿಟ್ಟು ಬೇರೆ ಉತ್ತರ ಬರಲ್ಲ. 'ನಿನ್ನೆ ಮನೆಯಿಂದ ಹೊರಟಾಗಿಂದ ವಾಪಸ್ ಹೋಗೋವರೆಗೆ ಏನೇನಾಯ್ತು' ಅಂತ ಕೇಳಬೇಕು.

ಆಮೇಲೆ ಎಣಿಕೆ. ಆ ಮಾತುಗಳಿಂದಲೇ ಫಾರ್ಮಿನ ಪ್ರಶ್ನೆ ಹುಟ್ಟಬೇಕು. ರಾತ್ರಿ ಕೊನೇ ಬಸ್ಸಿನ ವಿಷಯ ಪದೇ ಪದೇ ಬಂದರೆ ಫಾರ್ಮಲ್ಲಿ ಅದಕ್ಕೊಂದು ಪ್ರಶ್ನೆ ಇರಬೇಕು. ಫಾರ್ಮ್ ಕನ್ನಡದಲ್ಲಿರಬೇಕು, ಕಾಗದದ ಮೇಲೂ ಇರಬೇಕು. ಸ್ಮಾರ್ಟ್‌ಫೋನ್ ಇರೋರಷ್ಟೇ ಉತ್ತರಿಸಿದರೆ ಬೇಕಾದೋರೇ ಬಿಟ್ಟುಹೋಗ್ತಾರೆ. ತಂಗಿಯ ಮೊದಲ ಕರಡಿನಲ್ಲಿದ್ದ ದೊಡ್ಡ ತೂತು ಇನ್ನೊಂದಿತ್ತು. ಕೆಲಸದಲ್ಲಿ 'ಉಳಿಯೋದರ' ಬಗ್ಗೆ ಅಧ್ಯಯನ, ಆದರೆ ಕೇಳ್ತಿದ್ದದ್ದು ಉಳಿದವರನ್ನ ಮಾತ್ರ! ಬಿಟ್ಟವರನ್ನ ಅವರ ಹಳೇ ಸಹೋದ್ಯೋಗಿಗಳ ಮೂಲಕ ಹುಡುಕಬೇಕು. ಮಾಲೀಕರ ಹಾಜರಿ ಪುಸ್ತಕ ಸಿಕ್ಕರೆ 2023ರ ಜೂನ್‌ಗೆ ಹಿಂದೆ, ಮುಂದೆ ಹೋಲಿಸಬೇಕು. ಆಗಲೂ ಬದಲಾವಣೆಯೆಲ್ಲ ಬಸ್ಸಿನಿಂದಲೇ ಅಂತ ಹೇಳೋಕಾಗಲ್ಲ. ಸಂಬಳ, ಸೀಸನ್, ಹೊಸ ಮಾಲ್, ಇವನ್ನೂ ಗಮನಿಸಬೇಕು.

ಕೊನೆಗೆ ಮತ್ತೆ ಮಾತು. ಲೆಕ್ಕಕ್ಕೆ ಸಿಗದವರ ಹತ್ತಿರ ವಾಪಸ್ ಹೋಗೋದು: ಟಿಕೆಟ್ ಉಚಿತವಾದರೂ ಬಿಟ್ಟವರು, ಬಸ್ಸೇ ಇಲ್ಲದ ಊರಿಂದ ಬಂದೂ ಉಳಿದವರು.

ಇದೇ ಜರಡಿಯಲ್ಲಿ ನೀವು ಮುಂದೆ ಓದೋ ಯಾವ ವರದಿಯನ್ನೂ ಜಾಲಿಸಬಹುದು. ಪ್ರಶ್ನೆಗಳನ್ನ ಬರೆದವರು ಯಾರು, ಬರೆಯೋ ಮುಂಚೆ ಯಾರನ್ನ ಮಾತಾಡಿಸಿದ್ದರು? ಎಣಿಕೆಯಿಂದ ಹೊರಗುಳಿದವರು ಯಾರು? ಅಂಕಿಗೆ ವಿರುದ್ಧ ಹೋಗೋ ಒಂದು ಮಾತಾದರೂ ವರದಿಯಲ್ಲಿದೆಯಾ? ಇದ್ದರೆ ಅದರಿಂದ ತೀರ್ಮಾನ ಏನಾದರೂ ಬದಲಾಯ್ತಾ? ಕೊನೇ ಎರಡಕ್ಕೆ 'ಇಲ್ಲ' ಅನ್ನೋ ಉತ್ತರ ಬಂದರೆ, ಆ ವರದಿಯಲ್ಲಿ ಜನರನ್ನ ಅಲಂಕಾರಕ್ಕೆ ಕರೆದಿದ್ದಾರೆ ಅಂತ ಅರ್ಥ. ವರದಿ ನಂಬಿ ತಗೊಳ್ಳೋ ನಿರ್ಧಾರದ ಪೆಟ್ಟು ಬೀಳೋದೂ ಅವರ ಮೇಲೇ. ಒಂದು ರೂಟಿನ ಬಸ್ ನಿಲ್ಲೋದು, ಒಂದು ಶಿಫ್ಟಿನ ಸಮಯ ಬದಲಾಗೋದು, ಒಂದು ಯೋಜನೆಯ ದುಡ್ಡು ಕಡಿತ ಆಗೋದು, ಎಲ್ಲಾ ಇಂಥ ವರದಿಗಳ ಮೇಲೇ.

ತಂಗಿ ಹೋಗೋ ಮುಂಚೆ ವರದಿಗೆ ಒಂದು ಕೋಷ್ಟಕ ಹಾಕಿಕೊಂಡಳು. ಮೊದಲ ಕಾಲಂ 'ಅಂಕಿ ಹೇಳಿದ್ದು', ಎರಡನೆಯದು 'ಅವರು ಹೇಳಿದ್ದು', ಮೂರನೆಯದು 'ತಾಳೆ ಆಗಿಲ್ಲ'. ಮೂರನೇ ಕಾಲಂ ತುಂಬಿದರೆ ಗೈಡ್ ಒಪ್ತಾರಾ ಅನ್ನೋ ಭಯ ಅವಳಿಗೆ. ಅದು ಖಾಲಿ ಉಳಿದರೆ ನಾನು ಒಪ್ಪಲ್ಲ ಅಂತ ಹೇಳಿ ಕಳಿಸಿದ್ದೀನಿ. ಮೊನ್ನೆ ರಾತ್ರಿ ಒಂಬತ್ತೂವರೆಗೆ ಸಬರ್ಬನ್ ಬಸ್ ನಿಲ್ದಾಣದಿಂದ ಮೆಸೇಜ್ ಮಾಡಿದ್ದಳು: "ಮೂರನೇ ಕಾಲಂಗೆ ಮೊದಲನೇ ಎಂಟ್ರಿ ಸಿಕ್ತು. ಬಸ್ಸಲ್ಲಿ ಜಾಗ ಇಲ್ಲ, ನಾಳೆ ಹೇಳ್ತೀನಿ."